ಬಸ್ಸಿನಲ್ಲಿ ಬಂದ ಬುತ್ತಿ

ನಲ್ಲಿ ನಿಲ್ಲಿಸದೆ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲೋ ತೊಟ್ಟಿಕ್ಕುವ ನೀರು ಎರಡು ಮಹಡಿ ಆಚೆಯಿಂದಲೂ ನನಗೆ ಕೇಳಿಸುತ್ತದೆ. ಪರಿಸರ ವಿಜ್ಞಾನ ಕಲಿಸುವವನಿಗೆ ಇಂಥ ಕಿವಿ ಇರಲೇಬೇಕು. "ಊರ ಮಂದಿ ನಲ್ಲಿ ಎಲ್ಲಾ ಕೇಳ್ತಾವ, ನಮ್ಮ ಬಚ್ಚಲದ್ದೊಂದೇ ಕೇಳಂಗಿಲ್ಲ" ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಕಲಬುರಗಿಯ ಬಿಸಿಲು ಏರುವ ಮುಂಚೆ ನಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಒಂದು ಫಾರಂ ಹಂಚಿದೆ. ದಿನಕ್ಕೆ ಎಷ್ಟು ಬಕೆಟ್ ನೀರು, ಕೂಲರ್ ಎಷ್ಟು ತಾಸು, ಝೆರಾಕ್ಸ್ ಎಷ್ಟು, ಊಟ ಎಲ್ಲಿಂದ, ಹೇಗೆ. ಒಬ್ಬೊಬ್ಬರಿಗೆ ಆರಾರು ಹಾಳೆ. ಅಕ್ಷರ ಚೆನ್ನಾಗಿ ಕಾಣಲೆಂದು ಒಂದೇ ಮಗ್ಗುಲಿಗೆ ಮುದ್ರಿಸಿದ್ದೆ. ಕೊನೆಗೆ ಯಾರಿಂದ ಪರಿಸರಕ್ಕೆ ಎಷ್ಟು ಹಾನಿ ಎಂದು ಲೆಕ್ಕ ಹಾಕಿ, ಹಸಿರು, ಹಳದಿ, ಕೆಂಪು ಗುರುತಿಟ್ಟು ನೋಟಿಸ್ ಬೋರ್ಡಿಗೆ ಹಚ್ಚಿದೆ. ಇಡೀ ತರಗತಿಗೆ ಒಂದೇ ಕೆಂಪು: ಮಹಾದೇವಿ. ಬ್ರಹ್ಮಪುರದಲ್ಲಿ ರೂಮು ಮಾಡಿಕೊಂಡಿರುವ ಈ ಹುಡುಗಿಗೆ ದಿನಾ ಬೆಳಿಗ್ಗೆ ಕಮಲಾಪುರದಿಂದ ಅವ್ವನ ಬುತ್ತಿ ಬಸ್ಸಿನಲ್ಲಿ ಬರುತ್ತದೆ. ಡ್ರೈವರನ ಪಕ್ಕದಲ್ಲಿ ಡಬ್ಬಿಗಳ ಸಾಲೇ ಇರುತ್ತದೆ. ಓದುವ ಮಕ್ಕಳು ಬಸ್ ಸ್ಟ್ಯಾಂಡಿಗೆ ಹೋಗಿ ತಂತಮ್ಮದು ಎತ್ತಿಕೊಳ್ಳುತ್ತಾರೆ, ಸಂಜೆ ಖಾಲಿ ಡಬ್ಬಿ ಹಿಂದಕ್ಕೆ ಕಳಿಸುತ್ತಾರೆ. ಎಲ್ಲ ಸರಿ, ಆದರೆ ಫಾರಂ ಅಂದರೆ ಫಾರಂ. ಒಂದು ಊಟಕ್ಕೆ ಇಷ್ಟು ದೂರದ ಡೀಸೆಲ್ಲೇ!

"ಬಸ್ ನನ್ನ ರೊಟ್ಟಿ ಸಲುವಾಗಿ ಬರಂಗಿಲ್ರೀ ಸರ್. ಅದು ಹ್ಯಾಂಗೂ ಬರ್ತದ," ಎಂದಳು ಮಹಾದೇವಿ.

"ವಿಜ್ಞಾನದಾಗ ಹ್ಯಾಂಗೂ ಅಂಬೋದು ಇರಂಗಿಲ್ಲಮ್ಮಾ," ಎಂದೆ. ಹುಡುಗರೆಲ್ಲ ನಕ್ಕರು. ಅವಳು ತಲೆ ತಗ್ಗಿಸಿದಳು. ನನಗೆ ಮಾತ್ರ ನನ್ನ ಮಾತು ಬಹಳ ಹಿಡಿಸಿತು.

ವಾರ ಕಳೆಯಿತು. ಒಂದು ಬೆಳಿಗ್ಗೆ ಅವಳ ಅವ್ವ ಶರಣಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಮಗಳು ಬುತ್ತಿ ಬ್ಯಾಡ ಅಂತ ಹಟ ಹಿಡದಾಳ್ರೀ ಸರ್. ಬಂಡಿ ಮ್ಯಾಲಿಂದು ಪ್ಲಾಸ್ಟಿಕ್ ಚೀಲದಾಗ ಕಟ್ಟಿಸ್ಕೊಂಡು ತಿಂತಾಳಂತ. ನನ್ನ ರೊಟ್ಟಿಲಿಂದ ಹವಾ ಕೆಡ್ತದಂತ, ಖರೇ ಏನ್ರೀ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಂಜಿಕ ಡಬ್ಬಿ ಖಾಲಿ ಬಂದ್ರ ಕೂಸು ಹೊಟ್ಟಿತುಂಬ ಉಂಡದ ಅಂತ ತಿಳೀತಿತ್ತು. ಈಗ ಏನೂ ತಿಳೀವಲ್ದು."

ನನಗೆ ನಾಚಿಕೆಯಾಯಿತು. ಮಾತು ತಪ್ಪಿಸಲು, ಊಟವಾಯಿತೇ ಎಂದು ಕೇಳಿದೆ.

"ನಂದಿರ್ಲಿ, ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?"

"ಮನೀಗೆ ಹೋಗ್ತೀನ್ರೀ. ದಿನಾ ಬಿಸಿ ರೊಟ್ಟಿ," ಎಂದೆ, ಹೆಮ್ಮೆಯಿಂದಲೇ. ಮನೆ ದೂರದ ನೆಹರು ಗಂಜಿನ ಹತ್ತಿರ ಎಂದೂ ಹೇಳಿದೆ.

"ಅಷ್ಟು ದೂರ ನಡಕೋತ?"

"ಇಲ್ರೀ, ಗಾಡಿ ಮ್ಯಾಲ."

"ಹಂಗಾದ್ರ ನನ್ನ ಮಗಳ ಹತ್ರ ರೊಟ್ಟಿ ಬರ್ತದ, ನೀವು ರೊಟ್ಟಿ ಹತ್ರ ಹೋಗ್ತೀರಿ. ಆ ಗಾಡಿ ಹ್ಯಾಂಗೂ ಹೋಗ್ತದೇನ್ರೀ?"

ಕುಹಕವಿಲ್ಲದೆ ಕೇಳಿದ ಪ್ರಶ್ನೆ ಅದು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಹೆಸರಿನಲ್ಲೇ ಒಂದು ಫಾರಂ ತುಂಬಿದೆ. ಕೆಂಪು. ಅದೂ ಅಂತಿಂಥ ಕೆಂಪಲ್ಲ. ಬೋರ್ಡಿನಲ್ಲಿ ಮಹಾದೇವಿಯದನ್ನು ಹಸಿರು ಮಾಡಿ, ಕೆಳಗೆ ನನ್ನದನ್ನು ಹಚ್ಚಿ, ತರಗತಿಯೆದುರು "ತಪ್ಪಾಯ್ತಮ್ಮಾ, ನಾಳಿಂದ ಬುತ್ತಿ ತರಿಸ್ಕೋ" ಎಂದೆ. ಮರುದಿನ ಬಸ್ಸಿನಲ್ಲಿ ಅವಳ ಡಬ್ಬಿಯ ಜೊತೆ ನನಗೂ ಕಮಲಾಪುರದ ಕೆಂಪು ಬಾಳೆಹಣ್ಣು ಬಂದವು. ಆ ಬಣ್ಣಕ್ಕೆ ಏನಾದರೂ ಅರ್ಥವಿತ್ತೋ ಏನೋ, ನಾನಂತೂ ತಿಂದೆ.

ಅಂದಿನಿಂದ ನಾನೂ ಬೆಳಿಗ್ಗೆಯೇ ಬುತ್ತಿ ಕಟ್ಟಿಸಿಕೊಂಡು ಹೊರಟೆ. "ಇಪ್ಪತ್ತು ವರ್ಷದ ಮ್ಯಾಲ ಮಧ್ಯಾಹ್ನ ಅಡ್ಡಾಗ್ಲಿಕ್ಕ ಸಿಕ್ತು ನೋಡ್ರಿ," ಎಂದಳು ಹೆಂಡತಿ. ಎಂಟು ದಿನ ನನ್ನ ನಡಿಗೆಯೇ ಬೇರೆಯಾಗಿತ್ತು. ಒಂಬತ್ತನೆಯ ದಿನ ಡಬ್ಬಿಯನ್ನು ಮನೆಯಲ್ಲೇ ಮರೆತೆ. ಮಧ್ಯಾಹ್ನ ಗಾಡಿ ಹತ್ತಿ ಮನೆಗೆ ಓಡಿದೆ. ನಿದ್ದೆಗಣ್ಣಲ್ಲಿ ಬಾಗಿಲು ತೆಗೆದ ಹೆಂಡತಿ, "ಹ್ಯಾಂಗೂ ಬಂದೀರಿ, ಇಲ್ಲೇ ಉಂಡು ಹೋಗ್ರಿ," ಎಂದಳು. "ಬುತ್ತಿ ಅಂದ ಮ್ಯಾಲ ಅಲ್ಲೇ ಉಣ್ಣಬೇಕು. ಹುಡುಗರು ನೋಡಿ ಕಲೀಬೇಕು," ಎಂದು ಡಬ್ಬಿ ಹಿಡಿದು ಅದೇ ಬಿಸಿಲಲ್ಲಿ ವಾಪಸ್ ಬಂದೆ.

ಬೇವಿನ ಗಿಡದ ಕೆಳಗೆ ವಿದ್ಯಾರ್ಥಿಗಳ ನಡುವೆ ಕೂತು ಮುಚ್ಚಳ ತೆಗೆದೆ. ಮಹಾದೇವಿ ರೊಟ್ಟಿ ಮುರಿಯುತ್ತಾ ನನ್ನ ಪಕ್ಕದಲ್ಲಿದ್ದ ಹೆಲ್ಮೆಟ್ಟನ್ನೂ ಹಣೆಯ ಬೆವರನ್ನೂ ನೋಡಿದಳು.

"ಸರ್, ನಿಮ್ಮ ಬುತ್ತಿ ಇವತ್ತ ಯಾವ ಬಸ್ಸಿಗೆ ಬಂತ್ರೀ?"

ನಾನು ಗಬಕ್ಕನೆ ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡೆ. ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಮಾತಾಡಬಾರದಲ್ಲ.