ಮಾಸ್ಟ್ರ ಮೌಸು, ಬೇಕರಿಯಣ್ಣನ ಡಬ್ಬಿ

ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಒಬ್ಬರು ಮಿಕ್ಸಿ ತಂದು ಮೇಜಿನ ಮೇಲಿಟ್ಟು, "ಪ್ರಿಂಟರ್ ರಿಪೇರಿ ಮಾಡ್ತೀಯಲ್ಲ, ಇದಕ್ಕೂ ಮೋಟಾರೇ ಇರೋದು" ಅನ್ನುತ್ತಾರೆ. ಮೇಗುಂದದಿಂದ ಇನ್ನೊಬ್ಬರು ಫೋನ್ ಮಾಡಿ ಕಂಪ್ಯೂಟರ್ ಆನ್ ಆಗ್ತಿಲ್ಲ ಅನ್ನುತ್ತಾರೆ. ಬೈಕ್ ಹತ್ತಿ ಹೋಗಿ ನೋಡಿದರೆ ಮನೆಯಲ್ಲಿ ಕರೆಂಟೇ ಇಲ್ಲ. "ಕರೆಂಟ್ ಇಲ್ಲ ಅಂತ ನಂಗೂ ಗೊತ್ತು ಮಾರಾಯ. ಆದ್ರೂ ಒಂದ್ಸಲ ನೋಡ್ಲಿ ಅಂತ ಕರೆದೆ" ಅಂತಾರೆ.

ಇವೆಲ್ಲ ಒಂದು ಕಾಫಿಗೆ ಮುಗಿಯುವ ಕತೆಗಳು. ಎರಡು ವರ್ಷ ನಡೆದದ್ದು ಇನ್ನೊಂದಿದೆ.

ಶೃಂಗೇರಿಯಲ್ಲಿ ಒಬ್ಬರು ಬೇಕರಿ ನಡೆಸುತ್ತಾರೆ. ನಾನು ಅವರನ್ನು ಬೇಕರಿಯಣ್ಣ ಅಂತಲೇ ಕರೆಯುವುದು. ಅವರ ಕಾಲೇಜಿನ ಕಾಲದ ಗೆಳೆಯ ನರಸಿಂಹರಾಜಪುರದಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದರು. ಊರಿಗೆಲ್ಲ ಅವರು ಮಾಸ್ಟ್ರು. ಇಬ್ಬರಿಗೂ ಐವತ್ತರ ಆಸುಪಾಸು. ಇಬ್ಬರಿಗೂ ಒಂದೇ ಹುಚ್ಚು: ಎರಡನೇ ಮಹಾಯುದ್ಧದ ಸೈನಿಕನಾಗಿ ಬಂದೂಕು ಹಿಡಿದು ನುಗ್ಗುವ ಒಂದು ಹಳೇ ಗೇಮ್. ಮಾಸ್ಟ್ರು ಅದನ್ನು ಕಂಪ್ಯೂಟರಿನಲ್ಲಿ, ಮೌಸು ಕೀಬೋರ್ಡು ಹಿಡಿದು ಆಡುತ್ತಿದ್ದರು. ಬೇಕರಿಯಣ್ಣ ಟೀವಿಗೆ ಸಿಕ್ಕಿಸುವ ಕನ್ಸೋಲ್ ಡಬ್ಬಿಯಲ್ಲಿ, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುತ್ತಿದ್ದರು. ಯಾವುದು ಮೇಲು ಅನ್ನುವ ಜಗಳಕ್ಕೆ ಆಗಲೇ ಇಪ್ಪತ್ತು ವರ್ಷ. ಕೊಪ್ಪ ಎರಡೂ ಊರಿನ ನಡುವೆ ಇರುವುದರಿಂದ ಎರಡೂ ಯಂತ್ರ ನೋಡಿಕೊಳ್ಳುವ ಕೆಲಸವೂ, ಎರಡೂ ಕಡೆಯ ದೂರು ಕೇಳುವ ಕೆಲಸವೂ ನನ್ನದಾಯಿತು.

ಹುಲ್ಲು

ಒಂದು ದಿನ ಮಾಸ್ಟ್ರ ಕಂಪ್ಯೂಟರಿನ ಧೂಳು ತೆಗೆಯುತ್ತಿದ್ದೆ. ಬೇಕರಿಯಣ್ಣನ ಫೋನ್ ಬಂತು. ಮಾಸ್ಟ್ರು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು, ಸಾಕ್ಷಿಗೆ ನಾನಿರಲಿ ಅಂತ.

"ಗೇಮಿನ ಮೊದಲನೇ ಊರಲ್ಲಿ ಚರ್ಚಿನ ಹಿಂದೆ ಒಂದು ಗದ್ದೆ ಇದೆಯಲ್ಲ, ನಿನ್ನ ಡಬ್ಬಿಯಲ್ಲಿ ಅಲ್ಲಿ ಹುಲ್ಲು ಎಷ್ಟೆತ್ತರ ಇದೆ?" ಮಾಸ್ಟ್ರು ಕೇಳಿದರು.

"ಹುಲ್ಲೆಂತದು? ನೆಲಕ್ಕೆ ಹಸಿರು ಬಣ್ಣ ಬಳಿದಿದ್ದಾರೆ."

"ನೋಡ್ದ್ಯಾ? ನನ್ನದ್ರಲ್ಲಿ ಮೊಣಕಾಲುದ್ದ ಹುಲ್ಲಿದೆ, ಗಾಳಿಗೆ ಬಾಗುತ್ತೆ. ಹುಲ್ಲೇ ಇಲ್ದೇ ನೀನು ಅಡಗೋದು ಎಲ್ಲಿ?"

"ನಾನು ಹೋಗಿದ್ದು ಯುದ್ಧಕ್ಕೆ ಮಾರಾಯ, ದನಕ್ಕೆ ಹುಲ್ಲು ಕೊಯ್ಯೋಕಲ್ಲ."

ಮಾಸ್ಟ್ರು ಬಿಡಲಿಲ್ಲ. ಕನ್ಸೋಲಿನಲ್ಲಿ ಹೆಬ್ಬೆರಳಲ್ಲಿ ಸಣ್ಣ ಕಡ್ಡಿ ತಿರುಗಿಸಿ ಗುರಿ ಹಿಡಿಯಬೇಕು. ಅದು ಕಷ್ಟ ಅಂತ ಗೇಮೇ ಬಂದೂಕನ್ನು ಶತ್ರುವಿನ ಕಡೆ ಒಂಚೂರು ಎಳೆದುಕೊಡುತ್ತದೆ. ಕಂಪ್ಯೂಟರಿನಲ್ಲಿ ಆ ಸಹಾಯ ಇಲ್ಲ.

"ನಿನ್ನದು ಎಲ್‌ಕೆಜಿ ಮಕ್ಕಳ ಕೈ ಹಿಡಿದು ಅ ಆ ಬರೆಸಿದ ಹಾಗೆ" ಅಂದರು ಮಾಸ್ಟ್ರು.

ಆ ಕಡೆಯಿಂದ ಉತ್ತರ ಬಂತು: "ನಿನ್ನ ಡ್ರೈವಿಂಗ್ ಸ್ಕೂಲ್ ಕಾರಲ್ಲಿ ನಿನ್ನ ಕಾಲಡಿಗೂ ಒಂದು ಬ್ರೇಕ್ ಇದೆಯಲ್ಲ, ಅದು ಯಾವ ಕ್ಲಾಸಿಂದು?"

ಮಾಸ್ಟ್ರು ಫೋನ್ ಕಟ್ ಮಾಡಿದರು. "ನೆಟ್‌ವರ್ಕ್ ಸರಿ ಇಲ್ಲ" ಅಂತ ನನಗೆ ಹೇಳಿದರು.

ಸೇತುವೆ

ಕಂಪ್ಯೂಟರಿನಲ್ಲಿ ಆಟವನ್ನು ಬೇಕಾದಲ್ಲಿ ಸೇವ್ ಮಾಡಿಕೊಳ್ಳಬಹುದು. ಸತ್ತರೆ ಅಲ್ಲಿಂದಲೇ ಮತ್ತೆ ಶುರು. ಮಾಸ್ಟ್ರು ಹತ್ತು ಹೆಜ್ಜೆಗೊಂದು ಸೇವ್ ಮಾಡುವವರು. ಕನ್ಸೋಲಿನಲ್ಲಿ ಗೇಮ್ ಹೇಳಿದ ಜಾಗದಲ್ಲಿ ಮಾತ್ರ. ಅದರಲ್ಲಿ ಒಂದು ಸೇತುವೆ ಇದೆ. ಪೂರ್ತಿ ದಾಟುವ ತನಕ ಸೇವ್ ಇಲ್ಲ. ನಡುವೆ ಸತ್ತರೆ ಮತ್ತೆ ಈ ತುದಿಯಿಂದ ಹೊರಡಬೇಕು.

ಬೇಕರಿಯಣ್ಣ ಮಧ್ಯಾಹ್ನ ಒಲೆ ಕೆಲಸ ಮುಗಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಡುತ್ತಿದ್ದರು. ಒಮ್ಮೆ ಬಸರೀಕಟ್ಟೆಯಿಂದ ಜೀಪಿನಲ್ಲಿ ಒಬ್ಬರು ಯಜಮಾನರು ಬಂದರಂತೆ. ಮೊಮ್ಮಗಳ ಹುಟ್ಟುಹಬ್ಬದ ಕೇಕಿನ ಮೇಲೆ ಏನು ಬರೆಯಬೇಕು ಅಂತ ಬೇಕರಿಯಣ್ಣನಿಗೇ ಹೇಳಬೇಕಿತ್ತು ಅವರಿಗೆ. ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ ಬೇಕರಿಯಣ್ಣನ ಹೆಂಡತಿ, "ಸೇತುವೆ ಹತ್ರ ಇದ್ದಾರೆ, ದಾಟಿದ ಕೂಡ್ಲೇ ಬರ್ತಾರೆ" ಅಂದರು.

ಶೃಂಗೇರಿಯಲ್ಲಿ ಸೇತುವೆ ಅಂದರೆ ಯಾರಿಗಾದರೂ ತುಂಗೆಯ ಸೇತುವೆಯೇ. ಯಜಮಾನರು ನೆಟ್ಟಗೆ ಹೊಳೆ ಕಡೆ ನಡೆದರು. ಒಂದು ಗಂಟೆ ಬಿಟ್ಟು ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದರು.

"ಅಮ್ಮಾ, ಸೇತುವೆ ಈ ತುದಿಯಿಂದ ಆ ತುದಿ ಎರಡು ಸಲ ನಡೆದೆ. ಮೀನಿಗೆ ಮಂಡಕ್ಕಿನೂ ಹಾಕಿ ಆಯ್ತು. ಅವರು ಎಲ್ಲೂ ಇಲ್ಲ."

ಆಕೆ ಒಳಗೆ ಬಗ್ಗಿ ನೋಡಿ, ಶಾಂತವಾಗಿ ಹೇಳಿದರು: "ಈಗಷ್ಟೇ ನಾಲ್ಕನೇ ಸಲ ಸತ್ರು. ಇನ್ನೊಂದು ಸ್ವಲ್ಪ ಕೂತ್ಕೊಳ್ಳಿ."

ಮೂರು ಮೌಸು

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಮಾಸ್ಟ್ರು ಫೋನ್ ಮಾಡಿದರು. "ಮೌಸ್ ಹೋಗಿದೆ ಮಾರಾಯ. ಕೈ ಇಟ್ಟು ಸುಮ್ನೆ ಕೂತ್ರೂ ಬಂದೂಕು ಅಲ್ಲಾಡುತ್ತೆ."

ಹೋಗಿ ಹೊಸದು ಹಾಕಿದೆ. ಎರಡು ವಾರಕ್ಕೆ ಮತ್ತೆ ಅದೇ ದೂರು. ಇನ್ನೊಂದು ಕಂಪನಿಯದ್ದು ಹಾಕಿದೆ. ಅದಕ್ಕೂ ಅದೇ ರೋಗ. ಮೂರನೇ ಸಲ ಮೌಸ್ ಜೊತೆ ಅದರ ಕೆಳಗಿನ ಹಾಸೂ ಬದಲಾಯಿಸಿದೆ, ಮೇಜಿನ ಕಾಲಿಗೆ ರಟ್ಟು ಕೊಟ್ಟೆ. ನಾನು ಕೂತು ಹಿಡಿದು ನೋಡಿದರೆ ಬಂದೂಕು ಬಂಡೆಯ ಹಾಗೆ ನಿಂತಿತ್ತು.

"ಸರಿ ಇದೆಯಲ್ಲ ಮಾಸ್ಟ್ರೇ?"

"ನೀನಿದ್ರೆ ಸರಿ ಇರುತ್ತೆ. ನೀನು ಕೊಪ್ಪ ಮುಟ್ಟೋ ಹೊತ್ತಿಗೆ ಶುರು ಮಾಡುತ್ತೆ."

ವೋಲ್ಟೇಜ್ ಇರಬಹುದು ಅಂದೆ. ಗೊತ್ತಿಲ್ಲದ್ದಕ್ಕೆಲ್ಲ ನಾವು ರಿಪೇರಿಯವರು ಹೇಳುವ ಮಾತು ಅದು. ಮಾಸ್ಟ್ರು ಬಲಗೈಯನ್ನು ಪ್ಯಾಂಟಿನ ಜೇಬಲ್ಲಿ ಇಟ್ಟುಕೊಂಡೇ ನಿಂತಿದ್ದರು. ಕಾಫಿ ಲೋಟ ನನಗೆ ಕೊಟ್ಟದ್ದು ಎಡಗೈಯಲ್ಲಿ. ಅದನ್ನು ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಅವರ ಹೆಂಡತಿ, ನಾನು ಅಕ್ಕ ಅನ್ನುವವರು, ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು: "ಮೌಸ್ ಅಂದ್ರೆ ಇಲಿ ತಾನೇ? ನಡುಗದೆ ಇನ್ನೇನು ಮಾಡುತ್ತೆ? ಮನೇಲಿ ಎರಡು ಬೆಕ್ಕಿದೆ."

ನನ್ನ ಅಂಗಡಿಯಲ್ಲಿ ಪಂದ್ಯ

ಜಗಳ ಇತ್ಯರ್ಥ ಆಗಲೇಬೇಕು ಅಂತ ಹಟ ಹಿಡಿದದ್ದು ಬೇಕರಿಯಣ್ಣ. ಯಾರ ಮನೆಯೂ ಬೇಡ, ಕೊಪ್ಪದಲ್ಲಿ ನನ್ನ ಅಂಗಡಿ, ಭಾನುವಾರ ಬೆಳಿಗ್ಗೆ. ಅವರು ಡಬ್ಬಿಯನ್ನು ಬನ್ನಿನ ರಟ್ಟಿನ ಪೆಟ್ಟಿಗೆಯಲ್ಲಿ ತಂದರು. ಮಾಸ್ಟ್ರು ಬಸ್ಸಿನಲ್ಲಿ ಬಂದರು. ಸ್ವಂತ ಕಾರು ಬಿಟ್ಟು ಬಸ್ಸಿನಲ್ಲಿ ಯಾಕೆ ಬಂದರು ಅಂತ ನಾವಿಬ್ಬರೂ ಕೇಳಲಿಲ್ಲ. ನಿಯಮ ಇಷ್ಟೇ: ಅದೇ ಸೇತುವೆ, ಇಬ್ಬರೂ ಎರಡೂ ಯಂತ್ರದಲ್ಲಿ ಆಡಬೇಕು.

ಮಾಸ್ಟ್ರು ಮೊದಲು ಕೂತರು, ಅದೇ ಗೇಮ್ ಹಾಕಿಟ್ಟಿದ್ದ ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ. ಪರದೆಯ ಮೇಲಿನ ಬಂದೂಕು ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ಅದುರುತ್ತಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸತ್ತರು. ಮತ್ತೆ ಸತ್ತರು.

"ಮೌಸು" ಅಂದರು.

ಕಪಾಟಿನಿಂದ ಹೊಸ ಮೌಸ್ ತೆಗೆದು, ಕವರ್ ಬಿಚ್ಚಿ ಕೊಟ್ಟೆ. ಮೂರನೇ ಸಲವೂ ಅದೇ.

ಬೇಕರಿಯಣ್ಣ ಅದೇ ಕುರ್ಚಿಯಲ್ಲಿ ಕೂತು ಅದೇ ಮೌಸ್ ಹಿಡಿದರು. ಬಂದೂಕು ಕದಲಲಿಲ್ಲ. ಅರ್ಧ ಸೇತುವೆ ದಾಟಿದವರು, ತಮ್ಮ ಕೈ ನೋಡಿಕೊಂಡರು, ಆಮೇಲೆ ಗೆಳೆಯನ ಕೈ ನೋಡಿದರು. ಮಾಸ್ಟ್ರು ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಬೇಕರಿಯಣ್ಣ ಮೌಸ್ ಬಿಟ್ಟು ಎದ್ದರು.

"ಆಯ್ತು ಮಾರಾಯ. ಕಂಪ್ಯೂಟರೇ ಮೇಲು. ನಾನು ಸೋತೆ. ಬಾ, ಊಟಕ್ಕೆ ಹೋಗಾಣ."

ಇಪ್ಪತ್ತು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಮಾಸ್ಟ್ರ ಮುಖ ಕೆಂಪಾಯಿತು.

"ಮೂರು ಸಲ ಸತ್ತವನು ನಾನು. ಸೋತೆ ಅನ್ನೋಕೆ ನೀನ್ಯಾರು?"

ಹೇಳಿ, ಬಲಗೈಯನ್ನು ಹೊರಗೆ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹೆಬ್ಬೆರಳು, ತೋರುಬೆರಳು ಎಣಿಸುತ್ತಿರುವ ಹಾಗೆ ಆಡುತ್ತಲೇ ಇದ್ದವು. ಆರು ತಿಂಗಳಿಂದ ಹೀಗೆ, ಮನೆಯಲ್ಲಿ ಹೇಳಿಲ್ಲ ಅಂದರು. ಹಿಂದಿನ ವಾರ ಬಾಳೆಹೊನ್ನೂರು ರಸ್ತೆಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ, ಕಲಿಯುತ್ತಿದ್ದ ನರ್ಸಮ್ಮನ ಸ್ಟೇರಿಂಗ್ ಹಿಡಿದು ತಿರುಗಿಸಲು ಕೈ ಚಾಚಿದರಂತೆ. ಕೈ ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಆಕೆಯೇ ಬ್ರೇಕ್ ಹಾಕಿ ಇಬ್ಬರನ್ನೂ ಉಳಿಸಿದ್ದು.

"ಅವತ್ತಿಂದ ನಾನು ಕಾರು ಮುಟ್ಟಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಲ್ಕು ಮೌಸ್ ಕೊಟ್ಟೆ. ಕೈ ಸ್ಟಾಕ್ ಇಲ್ಲ ಅಲ್ದಾ?"

ಶಿವಮೊಗ್ಗ

ಆ ವಾರವೇ ಬೇಕರಿಯಣ್ಣ ಬೇಕರಿಗೆ ಬಾಗಿಲು ಹಾಕಿ ಅವರನ್ನು ಶಿವಮೊಗ್ಗದ ನರದ ಡಾಕ್ಟ್ರ ಹತ್ತಿರ ಹೊರಡಿಸಿದರು. ಮಾಸ್ಟ್ರ ಕಾರನ್ನು ನಾನು ಓಡಿಸಿದೆ. ಹೋಗುವಾಗ ಮಾಸ್ಟ್ರು ತಮ್ಮ ಹಳೇ ಜಾಗದಲ್ಲಿ, ಆ ಎರಡನೇ ಬ್ರೇಕಿನ ಮುಂದೆ ಕೂತರು. ಶಿವಮೊಗ್ಗ ಮುಟ್ಟುವ ತನಕ, "ಕ್ಲಚ್ ಮೇಲಿಂದ ಕಾಲು ತೆಗಿ", "ಹಾರನ್ ಮಾಡೋಕೆ ಎಂತ ಧಾಡಿ?" ಅಂತ ಪಾಠ ನಡೆದೇ ಇತ್ತು.

ಡಾಕ್ಟ್ರು ಅವರನ್ನು ನಡೆಸಿದರು, ಬೆರಳು ಬೆರಳಿಗೆ ತಾಗಿಸಿ ಅಂದರು, ಕಾಗದದಲ್ಲಿ ಹೆಸರು ಬರೆಸಿದರು. ಮೊದಲ ಅಕ್ಷರ ದೊಡ್ಡದಿತ್ತು. ಕೊನೆಯ ಅಕ್ಷರ ಇರುವೆಯಷ್ಟಾಗಿತ್ತು. ನಡುಕದ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಲ್ಲಿ ಹದ್ದುಬಸ್ತಿನಲ್ಲಿಡಬಹುದು, ಬಹಳ ವರ್ಷ ಚೆನ್ನಾಗಿ ಇರಬಹುದು ಅಂದರು. ಆದರೆ ಗಾಡಿ ಕಲಿಸುವುದು ಬೇಡ.

ಹೊರಗೆ ಬಂದ ಮಾಸ್ಟ್ರು ಕಾರಿನ ಮುಂದೆ ಬಗ್ಗಿ, ಎಡಗೈ ಉಗುರಿನಿಂದ ಕೆಂಪು 'ಎಲ್' ಸ್ಟಿಕ್ಕರನ್ನು ಕೆರೆದು ಕೆರೆದು ಕಿತ್ತರು. ಸಹಾಯಕ್ಕೆ ಹೋದರೆ ಬೇಡ ಅಂದರು. ಪೂರ್ತಿ ಬರುವ ತನಕ ನಾವು ಬಿಸಿಲಲ್ಲಿ ನಿಂತೆವು. ಆಮೇಲೆ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು.

ಅರ್ಧ ದಾರಿ ಬಂದ ಮೇಲೆ ಹಿಂದಿನಿಂದ ದನಿ ಬಂತು: "ಈ ಕಾರಲ್ಲಿ ನಾನು ಹಿಂದೆ ಕೂತದ್ದು ಇದೇ ಮೊದಲು. ಇಲ್ಲಿಂದ ನೋಡಿದ್ರೆ ನೀನು ಓಡಿಸೋದು ಇನ್ನೂ ಕೆಟ್ಟದಾಗಿ ಕಾಣ್ತದೆ."

ಅರ್ಧ ಟೀವಿ

ಡ್ರೈವಿಂಗ್ ಸ್ಕೂಲಿನ ಬೋರ್ಡ್ ಇಳಿಯಿತು. ಮಾತ್ರೆ ಹಿಡಿಯಿತು, ನಡುಕ ಸ್ವಲ್ಪ ತಗ್ಗಿತು. ಆದರೆ ಮಾಸ್ಟ್ರು ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟರು. ಮಾತೂ ಕಡಿಮೆಯಾಯಿತು. ಅಕ್ಕ ಒಮ್ಮೆ ಫೋನ್ ಮಾಡಿ, "ಏನಾದ್ರೂ ಕೆಟ್ಟಿದೆ ಅಂತ ಹೇಳಿಯಾದ್ರೂ ಬಾ ಮಾರಾಯ, ಮನೇಲಿ ದನಿಯೇ ಇಲ್ಲ" ಅಂದರು.

ಬೇಕರಿಯಣ್ಣನಿಗೆ ಹೇಳಿದೆ. ಮುಂದಿನ ಭಾನುವಾರ ಇಬ್ಬರೂ ಹೋದೆವು. ಬನ್ನಿನ ಪೆಟ್ಟಿಗೆ ನೋಡಿದ್ದೇ ಮಾಸ್ಟ್ರು ಮುಖ ತಿರುಗಿಸಿದರು.

"ಕೈ ಹಿಡಿದು ಬರೆಸೋ ಡಬ್ಬಿ ನಂಗೆ ಬೇಡ. ನನ್ನ ಮೇಲೆ ಕನಿಕರ ಪಟ್ಟುಕೊಂಡು ಬಂದ್ಯಾ?"

"ಕನಿಕರ ನನ್ನ ಮೇಲೇ ಮಾರಾಯ" ಅಂದರು ಬೇಕರಿಯಣ್ಣ. ಪೆಟ್ಟಿಗೆಯಿಂದ ಇನ್ನೊಂದು ಕಂಟ್ರೋಲರ್ ತೆಗೆದರು. ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. "ನಿನ್ನ ಕಂಪ್ಯೂಟರಲ್ಲಿ ಒಬ್ಬನೇ ಕೂರೋದು. ಇದ್ರಲ್ಲಿ ಟೀವಿ ಎರಡು ಪಾಲು ಮಾಡಿ ಇಬ್ಬರು ಆಡಬಹುದು. ಡಬ್ಬಿ ತಗೊಂಡ ದಿನವೇ ಇದನ್ನೂ ತಗೊಂಡಿದ್ದೆ. ನೀನು ಒಂದು ದಿನವೂ ಬರ್ಲಿಲ್ಲ."

ಮಾಸ್ಟ್ರು ಬಹಳ ಹೊತ್ತು ಆ ಕವರನ್ನೇ ನೋಡಿದರು. ಆಮೇಲೆ ಹಲ್ಲಿನಿಂದ ಕಚ್ಚಿ ಹರಿದರು. ನಾನು ಟೀವಿಗೆ ವೈರ್ ಸಿಕ್ಕಿಸಿದೆ. ಮೇಲಿನ ಅರ್ಧದಲ್ಲಿ ಬೇಕರಿಯಣ್ಣ, ಕೆಳಗಿನ ಅರ್ಧದಲ್ಲಿ ಮಾಸ್ಟ್ರು. ಎರಡೂ ಕೈಯಲ್ಲಿ ಅವುಚಿ ಹಿಡಿದದ್ದಕ್ಕೆ ನಡುಕ ಅಷ್ಟು ಕಾಣುತ್ತಿರಲಿಲ್ಲ. "ಎಡಕ್ಕೆ ಬಾ", "ಅಲ್ಲ ಮಾರಾಯ, ನಿನ್ನ ಎಡಕ್ಕೆ", "ಗೋಡೆಗೆ ಗುಂಡು ಹೊಡೀಬೇಡ" ಅಂತ ಮಾಸ್ಟ್ರ ಪಾಠ ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡರು.

ಮಾತ್ರೆಯ ಹೊತ್ತಾಗಿತ್ತು. ಅಕ್ಕ ನೀರು ತಂದರು. ಮಾಸ್ಟ್ರು, "ಇದನ್ನ ಸ್ವಲ್ಪ ಹಿಡ್ಕೋ" ಅಂತ ಕಂಟ್ರೋಲರನ್ನು ಅವರ ಕೈಗೆ ಕೊಟ್ಟು ಲೋಟ ಎತ್ತಿದರು. ಆಗಲೇ ಕೆಳಗಿನ ಅರ್ಧ ಟೀವಿಯಲ್ಲಿ ಮಾಸ್ಟ್ರ ಸೈನಿಕನ ಪಕ್ಕ ಒಂದು ಬಾಂಬ್ ಬಿತ್ತು. ಬಾಂಬ್ ಬಿದ್ದರೆ ಕೈಯಲ್ಲಿರುವ ಕಂಟ್ರೋಲರ್ ಗುರ್‍ರ್ ಅಂತ ನಡುಗುವುದು ಆ ಡಬ್ಬಿಯ ಗುಣ. ಅಕ್ಕನಿಗೆ ಅದು ಹೇಗೆ ಗೊತ್ತಿರಬೇಕು? ಎರಡೂ ಕೈ ಚಾಚಿ, ಅದುರುತ್ತಿದ್ದ ಅದನ್ನೇ ನೋಡುತ್ತ ಕೂಗಿದರು:

"ಅಯ್ಯಯ್ಯೋ, ಅಂಟೋ ಕಾಯಿಲೆ ಅಲ್ಲ ಅಂದಿದ್ರಲ್ರೀ ಡಾಕ್ಟ್ರು! ಇದಕ್ಕೂ ಬಂತಲ್ಲ!"

ನಾನೂ ಬೇಕರಿಯಣ್ಣನೂ ಉಸಿರು ಹಿಡಿದು ಮಾಸ್ಟ್ರ ಮುಖ ನೋಡಿದೆವು. ನಗಬಹುದೋ ಬಾರದೋ ತಿಳಿಯಲಿಲ್ಲ. ಮಾಸ್ಟ್ರ ಕೆನ್ನೆ ಉಬ್ಬಿತು, ಕಣ್ಣು ದೊಡ್ಡದಾಯಿತು, ಆಮೇಲೆ ತಡೆಯಲಾರದೆ ನಗು ಒಡೆಯಿತು. ಬಾಯಲ್ಲಿದ್ದ ಅಷ್ಟೂ ನೀರು, ಮಾತ್ರೆ ಸಮೇತ, ನೇರವಾಗಿ ಬೇಕರಿಯಣ್ಣನ ಮುಖಕ್ಕೆ ಹೋಗಿ ಬಡಿಯಿತು.

ಬೇಕರಿಯಣ್ಣ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ನಿಧಾನವಾಗಿ ಮುಖ ಒರೆಸಿಕೊಂಡು ಹೇಳಿದರು:

"ನಿನ್ನ ಗುರಿ ತಪ್ಪುತ್ತೆ ಅಂತ ಯಾವನೋ ಹೇಳಿದ್ದು ಮಾರಾಯ?"