ಕೆಂಪು ದೀಪ ಹತ್ತಿದರೆ ಫಿನ್ಲೆಂಡಿನಿಂದ ಫೋನು

ಹಗಲು ಹೊತ್ತು ಒಬ್ಬಳೇ ಇರುವ ಮುದುಕಿಯ ಮನೆಗೆ ಇಂಥವೆಲ್ಲ ಹೇಗೋ ದಾರಿ ಹುಡುಕಿಕೊಂಡು ಬರುತ್ತವೆ. ಮೊಮ್ಮಗಳನ್ನು ನೋಡಿಕೊಳ್ಳಲೆಂದು ಗದಗದಿಂದ ಮಸ್ಕತ್ತಿಗೆ ಬಂದವಳು ನಾನು. ಅವಳು ದೊಡ್ಡವಳಾಗಿ ಪುಣೆಗೆ ಓದಲು ಹೋದಳು. ನಾನು ಅಲ್ ಅಮೇರಾತ್‌ನ ಈ ಮೂರನೇ ಮಹಡಿಯಲ್ಲಿ ಉಳಿದುಕೊಂಡೆ. ಮಗ, ಸೊಸೆ ಬೆಳಿಗ್ಗೆ ಆರೂವರೆಗೆ ಹೊರಟರೆ ಬರುವುದು ಸಂಜೆ ಏಳಕ್ಕೆ. ನಡುವೆ ನಾನು, ಏಸಿ, ಮತ್ತು ಕಿಟಕಿಯಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡ. ಹಾಗಾಗಿ ನಮ್ಮ ಬಾಗಿಲ ಗಂಟೆ ಒತ್ತಿದವರೆಲ್ಲ, ಗ್ಯಾಸಿನವನಿರಲಿ, ಏಸಿ ರಿಪೇರಿಯವನಿರಲಿ, ನನಗೆ ನೆಂಟರೇ. ಹೋದ ವರ್ಷ ಹಾಗೆ ಬಂದ ನೆಂಟ ಫಿನ್ಲೆಂಡಿನವನು.

ಮೊದಲ ಪ್ರಶ್ನೆಗಳು

ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಒಂದು ಸಂಸಾರವಿದೆ. ಆ ಮನೆಯಾಕೆಯ ಗಂಡ ಕೆಲಸ ಮಾಡುವ ಆಫೀಸಿನವರು ಹೊರದೇಶದ ಯಂತ್ರಗಳನ್ನು ತರಿಸುತ್ತಾರೆ. ಅವರೇ ನಮ್ಮ ಕಟ್ಟಡದ ಐದು ಮನೆಗಳಿಗೆ ಒಂದೊಂದು ಬಿಳಿ ಪೆಟ್ಟಿಗೆ ಇಡಿಸಿದ್ದು. ಪಾತ್ರೆ ತೊಳೆದ ನೀರು ಸಿಂಕಿನಿಂದ ಅದರೊಳಗೆ ಹೋಗಿ, ಸೋಸಿಕೊಂಡು, ಬಾಲ್ಕನಿಯ ಗಿಡಗಳಿಗೆ ಬರಬೇಕು. ಪೆಟ್ಟಿಗೆ ಮಾಡಿದ ಕಂಪನಿ ಎಂದರೆ ಫಿನ್ಲೆಂಡಿನ ಗಂಡ ಹೆಂಡತಿ ಇಬ್ಬರೇ. ಆ ಗಂಡನೇ ಅದನ್ನು ಕೂರಿಸಲು ಬಂದ.

ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮಾತು ಮಾತ್ರ ಗಿಡ್ಡ. ಸ್ಕ್ರೂ ತಿರುಗಿಸುತ್ತಿದ್ದವನನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಮಾತಾಡಿಸಿದೆ. ನಾವು ಕೇಳುವುದನ್ನೆಲ್ಲ ಕೇಳಿದೆ. ಅಪ್ಪ ಅಮ್ಮ ಇದ್ದಾರಾ? ಎಷ್ಟು ಜನ ಅಣ್ಣತಮ್ಮಂದಿರು? ಮಕ್ಕಳೆಷ್ಟು, ಒಂದೇ ಯಾಕೆ? ತಿಂಗಳಿಗೆ ಎಷ್ಟು ಬರುತ್ತದೆ? ಪ್ರತಿ ಪ್ರಶ್ನೆಗೂ ಕೈ ನಿಲ್ಲಿಸಿ, ಯೋಚಿಸಿ, ಪರೀಕ್ಷೆಯಲ್ಲಿ ಉತ್ತರ ಬರೆದ ಹಾಗೆ ಹೇಳಿದ. ಕೊನೆಗೆ ತಾನೂ ಒಂದು ಮಾತು ಹೇಳಿದ:

"ಉತ್ತರದ ಚಳಿ ದೇಶಗಳು ಸೇರಿ ಒಂದು ನಿಧಿ ಇಟ್ಟಿವೆ, ಮೇಡಂ. ನಮ್ಮಂಥ ಸಣ್ಣ ಕಂಪನಿಗಳು ಇಂಥ ಯಂತ್ರಗಳನ್ನು ಹೊರಗೆ ಒಯ್ದು ಪರೀಕ್ಷೆ ಮಾಡಲು ಅರ್ಧ ಖರ್ಚು ಕೊಡುತ್ತದೆ. ಈ ಐದು ಮನೆಗಳಲ್ಲಿ ಪಾಸಾದರೆ ಮುಂದಿನ ಕಂತು ಬರುತ್ತದೆ. ಇಲ್ಲದಿದ್ದರೆ ಕಂಪನಿ ಮುಚ್ಚುತ್ತೇವೆ."

ಅಷ್ಟು ದೊಡ್ಡ ಮಾತನ್ನು ಅವನು ಟೈಮ್ ಎಷ್ಟು ಎಂದು ಹೇಳುವ ಧಾಟಿಯಲ್ಲಿ ಹೇಳಿ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಕೆಳಗಿನ ಮನೆಗೆ ಹೋದ.

ಒಂದು ಗಂಟೆಯಲ್ಲಿ ಉಡುಪಿಯವಳು ಮೇಲೆ ಬಂದಳು.

"ಎಂತದು ಅಮ್ಮ ಇದು? ಆ ಉದ್ದದ ಮನುಷ್ಯ ಬಂದವನೇ ನಮ್ಮವರ ಸಂಬಳ ಎಷ್ಟು ಅಂತ ಕೇಳಿದ. ನನಗೆ ಎಷ್ಟು ಜನ ಅಣ್ಣತಮ್ಮಂದಿರು ಅಂತ ಕೇಳಿದ. ಒಂದೇ ಮಗು ಯಾಕೆ ಅಂತ ಕೇಳಿದ. ಎಲ್ಲ ಪುಸ್ತಕದಲ್ಲಿ ಬರೆದುಕೊಂಡ. ಇಲ್ಲಿ ಕೆಲಸ ಶುರು ಮಾಡುವ ಕ್ರಮ ಇದೇ ಅಂತೆ, ಮೇಲಿನ ಮನೆಯಲ್ಲಿ ಕಲಿತದ್ದಂತೆ. ಫಿನ್ಲೆಂಡಿನವ ಅಂತ ಹೇಳಿದ್ರು, ಇವ ಗದಗದವನ ಹಾಗೆ ಉಂಟಲ್ಲ ಮಾರಾಯ್ರೆ."

ಅರಿಶಿನ

ಪೆಟ್ಟಿಗೆಗೆ ಎರಡು ದೀಪ. ಎಲ್ಲ ಸರಿ ಇದ್ದರೆ ಹಸಿರು. ಒಳಗೆ ಬಂದ ನೀರು ಏನೆಂದು ಅದಕ್ಕೆ ತಿಳಿಯದಿದ್ದರೆ ಕೆಂಪು. ಕೆಂಪು ಹತ್ತಿದ ಕೂಡಲೇ ಫಿನ್ಲೆಂಡಿನಲ್ಲಿ ಅವನಿಗೆ ಗೊತ್ತಾಗುತ್ತದೆ. ಇದು ನನಗೆ ತಿಳಿದದ್ದು ಅರಿಶಿನದ ಡಬ್ಬಿ ಕೈಜಾರಿ ಸಿಂಕಿಗೆ ಬಿದ್ದ ದಿನ. ನಲ್ಲಿ ಬಿಟ್ಟು ತೊಳೆದೆ, ದೀಪ ಕೆಂಪಾಯಿತು, ಐದು ನಿಮಿಷಕ್ಕೆ ಫೋನು.

"ಮೇಡಂ, ಯಾವ ರಾಸಾಯನಿಕ ಹಾಕಿದಿರಿ?"

"ರಾಸಾಯನಿಕ ಅಲ್ಲ, ಅರಿಶಿನ."

"ಬಣ್ಣ ಹಾಕುವುದಕ್ಕೋ?"

"ಪಲ್ಯಕ್ಕೆ."

"ಇದನ್ನು ತಿನ್ನುತ್ತೀರಾ?"

"ದಿನಾ ತಿನ್ನುತ್ತೇವೆ."

"ಯಾವಾಗಿನಿಂದ?"

"ಹುಟ್ಟಿದಾಗಿನಿಂದ. ನನಗೀಗ ಎಪ್ಪತ್ತೊಂದು."

ಕಾಗದದ ಮೇಲೆ ಪೆನ್ನು ಓಡಿದ ಸದ್ದು ಕೇಳಿತು. ಲೆಕ್ಕ ಹಾಕುತ್ತಿದ್ದಾನೆ ಅನ್ನಿಸಿತು. ಆಮೇಲೆ ಬಹಳ ವಿನಯದಿಂದ ಹೇಳಿದ: "ನಮ್ಮ ಯಂತ್ರಕ್ಕೆ ಇನ್ನೂ ಎರಡೇ ತಿಂಗಳು, ಮೇಡಂ. ಅದಕ್ಕೆ ಸ್ವಲ್ಪ ಸಮಯ ಕೊಡಿ."

ಮಂಗಳವಾರ

ಊರಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ದಿನಕ್ಕೆ ನೂರಾರು ಜನರ ದನಿ ಕಿವಿಗೆ ಬೀಳುತ್ತಿತ್ತು. ಇಲ್ಲಿ ಮಗನಿಗೆ ಫೋನ್ ಮಾಡಿದರೆ ಮೀಟಿಂಗ್, ಸೊಸೆಗೆ ಮಾಡಿದರೆ ಅವಳೂ ಮೀಟಿಂಗ್. ಮೊಮ್ಮಗಳು ಮೆಸೇಜಿನಲ್ಲಿ ಒಂದು ಹೃದಯದ ಚಿತ್ರ ಕಳಿಸುತ್ತಾಳೆ. ಅದಕ್ಕೆ ಎದುರು ಮಾತಾಡುವುದು ಹೇಗೆ?

ಒಂದು ಮಂಗಳವಾರ ಸೀಗೆಪುಡಿ ಕಲಸಿದ ಬಟ್ಟಲನ್ನು ಸಿಂಕಿನಲ್ಲಿ ತೊಳೆದೆ. ಪೆಟ್ಟಿಗೆಯೊಳಗೆ ನೊರೆ ಎದ್ದು ಕೆಂಪು ಹತ್ತಿತು, ಫೋನು ಬಂತು. ಸೀಗೆ ಎಂದರೇನು, ತಲೆಗೆ ಹೇಗೆ ಹಚ್ಚಬೇಕು ಎಂದು ಹೇಳುವಷ್ಟರಲ್ಲಿ ಇಪ್ಪತ್ತು ನಿಮಿಷ. ಮುಂದಿನ ಮಂಗಳವಾರ ತಲೆಗೆ ಸೊಸೆಯ ಶಾಂಪೂ ಹಾಕಿಕೊಂಡೆ. ಸೀಗೆಪುಡಿಯನ್ನು ಮಾತ್ರ ಹನ್ನೊಂದು ಗಂಟೆಗೆ ಸರಿಯಾಗಿ ಸಿಂಕಿಗೆ ಹಾಕಿದೆ. ಅಲ್ಲಿ ಆಗ ಒಂಬತ್ತು, ಅವನು ಕಾಫಿ ಕುಡಿಯುವ ಹೊತ್ತು.

ಅಲ್ಲಿಂದ ಅದೇ ವಾಡಿಕೆಯಾಯಿತು. ಐದು ನಿಮಿಷ ಯಂತ್ರದ ಮಾತು, ಆಮೇಲೆ ಬೇರೆ. ಕಿಟಕಿಯ ತನಕ ಹಿಮ ಬಿದ್ದಿದೆ ಎನ್ನುತ್ತಿದ್ದ. ನಾಯಿಗೆ ವಯಸ್ಸಾಗಿದೆ, ಮೆಟ್ಟಿಲು ಹತ್ತುವುದಿಲ್ಲ ಎನ್ನುತ್ತಿದ್ದ. ನನಗೂ ಅದೇ ಸಮಸ್ಯೆ ಎಂದೆ. ಅವನು ನಕ್ಕದ್ದನ್ನು ಕೇಳಿದ್ದು ಅದೇ ಮೊದಲು, ಕೆಮ್ಮು ಅಂದುಕೊಂಡಿದ್ದೆ.

ಒಂದು ಮಂಗಳವಾರ ಏನೋ ರಜೆ, ಮಗ ಮನೆಯಲ್ಲೇ ಇದ್ದ. ಹನ್ನೊಂದಕ್ಕೆ ನಾನು ಡಬ್ಬಿ ತೆಗೆಯುವುದನ್ನು ನೋಡಿಯೇಬಿಟ್ಟ.

"ಅವ್ವಾ, ಸಿಂಕಿನ್ಯಾಗ ಸೀಗಿಪುಡಿ ಯಾಕ ಸುರವಾಕತ್ತೀ?"

"ಮಂಗಳವಾರ ಅಲ್ಲೇನೋ. ಪಾಪ, ಇದಕ್ಕೂ ತಲಿಗೆ ಎರಿಯಾಕತ್ತೀನಿ."

ತಪಾಸಣೆ

ಆರು ತಿಂಗಳಾದ ಮೇಲೆ ಉಡುಪಿಯವಳು ಸಪ್ಪೆ ಮುಖ ಮಾಡಿಕೊಂಡು ಬಂದಳು.

"ಅಮ್ಮ, ಬೇಸರ ಮಾಡಬೇಡಿ. ನಮ್ಮವರು ಹೇಳಿದ್ರು, ಉಳಿದ ನಾಲ್ಕು ಮನೆಯಲ್ಲಿ ಪೆಟ್ಟಿಗೆ ಚಂದ ಉಂಟಂತೆ. ನಿಮ್ಮಲ್ಲಿ ಮಾತ್ರ ಕೆಂಪು ದೀಪ ಜಾಸ್ತಿಯಂತೆ. ಒಂದು ಕೆಂಪು ಅಂದ್ರೆ ಯಂತ್ರ ಒಂದು ಸಲ ಫೇಲ್ ಆದ ಲೆಕ್ಕ. ನಿಧಿಯವರೇ ನೋಡ್ಲಿಕ್ಕೆ ಬರ್ತಾರಂತೆ. ಅವರು ಒಪ್ಪದಿದ್ರೆ ಆ ಮನುಷ್ಯನ ಕಂಪನಿ ಖಲಾಸ್."

ಕೆಂಪು ದೀಪವೆಂದರೆ ನನಗೆ ಫೋನು. ಅವನಿಗೆ ಅದು ಸೋಲು ಎಂದು ಅವನು ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಸೀಗೆಪುಡಿ ಡಬ್ಬಿಯನ್ನು ಸ್ಟೂಲು ಹತ್ತಿ ಮೇಲಿನ ಕಪಾಟಿನಲ್ಲಿಟ್ಟೆ. ಆ ಮಂಗಳವಾರ ಹನ್ನೊಂದಾಯಿತು, ಹನ್ನೆರಡಾಯಿತು. ಪೆಟ್ಟಿಗೆ ಹಸಿರಾಗಿಯೇ ಇತ್ತು. ಒಬ್ಬಳೇ ಕೂತು ಊಟ ಮಾಡಿದೆ.

ನಿಧಿಯ ಕಡೆಯಿಂದ ಬಂದವಳು ನಾರ್ವೆಯ ಹೆಣ್ಣುಮಗಳು, ಐವತ್ತರ ಹತ್ತಿರ ವಯಸ್ಸು. ಜೊತೆಯಲ್ಲಿ ಅವನೂ ಬಂದಿದ್ದ. ಇಬ್ಬರೂ ಶೂ ಬಿಚ್ಚಿ ಸೋಫಾದ ಎರಡು ತುದಿಗೆ ಕೂತರು. ಆಕೆ ಒಂದು ಹಾಳೆ ಬಿಡಿಸಿದಳು.

"ನಿಮ್ಮ ಯಂತ್ರ ಮಂಗಳವಾರವೇ ಕೆಡುತ್ತದೆ. ಹನ್ನೊಂದಕ್ಕೇ ಕೆಡುತ್ತದೆ. ಕಾರಣ ಇವರಿಗೂ ಗೊತ್ತಿಲ್ಲವಂತೆ."

ಅವನು ತನ್ನ ಕಾಲುಚೀಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು.

"ಯಂತ್ರದ ತಪ್ಪಿಲ್ಲ," ಎಂದೆ. "ನಾನೇ ಪುಡಿ ಹಾಕುತ್ತಿದ್ದೆ."

"ಯಾಕೆ?"

ಇಂಗ್ಲಿಷಿನಲ್ಲಿ ಇದನ್ನು ಮರ್ಯಾದೆಯಾಗಿ ಹೇಳುವುದು ಹೇಗೆಂದು ಹುಡುಕಿದೆ, ಸಿಗಲಿಲ್ಲ. "ಇವನು ಫೋನ್ ಮಾಡಲಿ ಅಂತ."

ಆಕೆ ಪೆನ್ನು ಕೆಳಗಿಟ್ಟಳು. ಮತ್ತೆ ತೆಗೆದುಕೊಂಡಳು. "ಕೆಂಪು ಹತ್ತಿದ ಎಷ್ಟು ಹೊತ್ತಿಗೆ ಫೋನ್ ಬರುತ್ತಿತ್ತು?"

"ಐದು ನಿಮಿಷ."

"ಪ್ರತಿ ಸಲವೂ?"

"ಪ್ರತಿ ಸಲವೂ. ಒಮ್ಮೆ ಮಾತ್ರ ಹತ್ತು ನಿಮಿಷ. ಅವತ್ತು ನಾಯಿಗೆ ಹುಷಾರಿರಲಿಲ್ಲ."

"ನಾವು ದುಡ್ಡು ಕೊಡುವ ಕಂಪನಿಗಳಲ್ಲಿ ನಮ್ಮ ಫೋನನ್ನೇ ಎತ್ತದವರಿದ್ದಾರೆ," ಎಂದು ಆಕೆ ಬಹಳ ಹೊತ್ತು ಏನೋ ಬರೆದಳು. ಮಂಗಳವಾರಗಳನ್ನೆಲ್ಲ ಗೀಟು ಹಾಕಿ ತೆಗೆದದ್ದು ನನಗೆ ಕಾಣಿಸಿತು.

ಹೊರಡುವಾಗ ಬಾಗಿಲ ಹತ್ತಿರ ಆಕೆ ತಗ್ಗಿದ ದನಿಯಲ್ಲಿ ಅವನನ್ನು ಕೇಳಿದಳು: "ಇಂಥದ್ದೊಂದು ನನಗೂ ಬೇಕಿತ್ತು. ನಮ್ಮೂರು ಬರ್ಗೆನ್ನಿಗೆ."

ಅವನಿಗೆ ಆಶ್ಚರ್ಯ. "ಅಲ್ಲಿ ವರ್ಷವಿಡೀ ಮಳೆ. ನೀರು ಉಳಿಸಿ ಏನು ಮಾಡುತ್ತೀರಿ?"

"ನೀರಿಗಲ್ಲ," ಎಂದಳು. "ನಮ್ಮಮ್ಮ ಒಬ್ಬಳೇ ಇದ್ದಾಳೆ."

ಹೊಸ ಪೆಟ್ಟಿಗೆ

ಮುಂದಿನ ಕಂತು ಬಂತು. ಕಂಪನಿ ಉಳಿಯಿತು. ಉಡುಪಿಯವಳು ಪಾಯಸ ಮಾಡಿ ಮೇಲೆ ತಂದುಕೊಟ್ಟಳು. ಆ ದುಡ್ಡಿನಲ್ಲಿ ಅವನು ಮಾಡಿದ ಮೊದಲ ಕೆಲಸ, ನಮ್ಮ ಪೆಟ್ಟಿಗೆಯ ಬದಲು ಸುಧಾರಿಸಿದ ಇನ್ನೊಂದನ್ನು ಕಳಿಸಿದ್ದು. ಅದಕ್ಕೆ ಅರಿಶಿನ ಗೊತ್ತು, ಹುಣಸೆಹುಳಿ ಗೊತ್ತು, ಒಗ್ಗರಣೆಯ ಎಣ್ಣೆ ಗೊತ್ತು. ಸೀಗೆಯಂತೂ ಚೆನ್ನಾಗಿಯೇ ಗೊತ್ತು.

ಪರೀಕ್ಷೆ ಮುಗಿದಿತ್ತಲ್ಲ, ಇನ್ನು ಯಾರಿಗೂ ನಷ್ಟವಿಲ್ಲ ಎಂದು ಮೊದಲ ಮಂಗಳವಾರ ಒಂದು ಚಮಚ ಸೀಗೆಪುಡಿ ಹಾಕಿದೆ. ಹಸಿರು. ಎರಡನೇ ಮಂಗಳವಾರ ಒಂದು ಮುಷ್ಟಿ. ಹಸಿರು. ಮೂರನೇ ಮಂಗಳವಾರ ಸೀಗೆ, ಅರಿಶಿನ, ಕಡಲೆಹಿಟ್ಟು, ಸೊಸೆಯ ಕಾಫಿಪುಡಿ ಎಲ್ಲ ಕಲಸಿ ಒಂದು ಪಾತ್ರೆ ಸುರಿದು, ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಒಳಗೆ ಗುಡುಗುಡು ಅಂದಿತು. ಬಾಲ್ಕನಿಯ ಕೊಳವೆಯಿಂದ ತಿಳಿಯಾದ ನೀರು ಬಂತು. ಹಸಿರು. ಅಷ್ಟು ಒಳ್ಳೆಯ ಯಂತ್ರದ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ನಾಲ್ಕನೇ ಮಂಗಳವಾರ ಏನನ್ನೂ ಹಾಕಲಿಲ್ಲ. ಹನ್ನೊಂದಕ್ಕೆ ಸೊಪ್ಪು ಸೋಸುತ್ತ ಕೂತಿದ್ದಾಗ ಫೋನು ಬಂತು. ನೋಡಿದರೆ ಫಿನ್ಲೆಂಡು.

"ಮೇಡಂ, ಮೂರು ವಾರದಿಂದ ನಿಮ್ಮ ಮನೆಯಲ್ಲಿ ಬರೀ ಹಸಿರೇ ಇದೆ."

"ಹೌದು."

"ಏನಾದರೂ ತೊಂದರೆಯಾಗಿದೆಯಾ?"

ಸೊಪ್ಪಿನ ತಟ್ಟೆ ಬದಿಗಿಟ್ಟು ಕುರ್ಚಿಗೆ ಸರಿಯಾಗಿ ಒರಗಿಕೊಂಡೆ.

"ಆಗಿದೆ. ದೊಡ್ಡ ತೊಂದರೆ. ಮೊದಲಿಂದ ಹೇಳಬೇಕು. ನೀನು ಹೋಗಿ ಕಾಫಿ ತಗೊಂಡು ಬಂದು ಕೂತ್ಕೋ."