ಎಂಟನೇ ನಂಬರಿನ ಹಾಸಿಗೆ

ಸ್ಥಳ: ಹುಮನಾಬಾದ
ದಿನಾಂಕ: ಕಾರಹುಣ್ಣಿಮೆಯ ಮರುದಿನ

ಇಂದ,
ಶ್ರೀಮತಿ ವಿದ್ಯಾವತಿ ಸತೀಶಕುಮಾರ,
ಜೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ (ಬೋರ್ಡಿನ ಮೇಲೆ ಗಂಡನ ಹೆಸರಿದೆ, ಒಳಗೆ ಕೂರುವವಳು ನಾನು),
ಹುಮನಾಬಾದ.
ತನ್ನ ಪರವಾಗಿ ಹಾಗೂ ಜೊತೆಗಾರ್ತಿಯರಾದ ತುಳಜಾಬಾಯಿ, ಹುಮೇರಾ ಇವರ ಪರವಾಗಿ.

ಗೆ,
ಮಾನ್ಯ ಅಧ್ಯಕ್ಷರು, ಆಡಳಿತ ಮಂಡಳಿ,
ಯುವ ಸಂಚಾರಿ ವಸತಿಗೃಹ, ಅಂದರೆ ಯೂತ್ ಹಾಸ್ಟೆಲ್,
ಬಸವಕಲ್ಯಾಣ.

ವಿಷಯ: ನಾವು ಬುಕ್ ಮಾಡಿದ ಹಾಸಿಗೆಗಳ ಮೇಲೆ ನಾವೇ ಮಲಗಲು ಅನುಮತಿ ಕೋರಿ.

ಉಲ್ಲೇಖ:
1. ನಮ್ಮ ಆನ್‌ಲೈನ್ ಬುಕಿಂಗ್, ಖಾತ್ರಿಯಾದದ್ದು.
2. ತಮ್ಮ ಮೇಲ್ವಿಚಾರಕ ಮಡೆಪ್ಪನವರು ಗೇಟಿನಲ್ಲಿ ನಿಂತು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ.
3. ನಮ್ಮ ಪೂರಿಗಳನ್ನು ಮೆಚ್ಚಿ ತಾವು ಬರೆದ ಪತ್ರ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿ ಬರೆಯುವುದು ನನಗೆ ಹೊಸದಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಕಳೆದುಹೋದ ಎಮ್ಮೆ, ಹೀಗೆ ಘಾಟಬೋರಾಳದಿಂದ ಕೊಡಂಬಲದವರೆಗಿನ ಜನರ ಕಷ್ಟಗಳೆಲ್ಲ ನನ್ನ ಬೆರಳಿನಿಂದಲೇ ಸರಕಾರಕ್ಕೆ ಹೋಗುತ್ತವೆ. ನಾನು ಬರೆದ ಅರ್ಜಿಗೆ ಉತ್ತರ ಬಾರದೇ ಇದ್ದದ್ದಿಲ್ಲ. ಒಮ್ಮೆ ಮಾತ್ರ ಅರ್ಜಿದಾರರು ತೀರಿಕೊಂಡ ಮೇಲೆ ಬಂತು, ಆದರೂ ಬಂತು. ಊರಿಗೆಲ್ಲ ಬುಕಿಂಗ್ ಮಾಡಿಕೊಡುವ ನನಗೆ ಸ್ವಂತಕ್ಕೊಂದು ಹಾಸಿಗೆ ಸಿಗಲಿಲ್ಲ. ಕಾರಣ ಈ ಅರ್ಜಿ.

1. ಅರ್ಜಿದಾರರು ಮೂವರೂ ನಲವತ್ತು ದಾಟಿದವರು. ತುಳಜಾಬಾಯಿ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಮೇರಾ ಜಂಪರ್ ಹೊಲಿಯುತ್ತಾರೆ. ಸರಕಾರವು ಎಂಟನೇ ತರಗತಿಯಲ್ಲಿ ನಮ್ಮ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು, ಮಕ್ಕಳು ಕಾಲೇಜು ಸೇರಿ ಗಾಡಿ ಏರಿದ ಮೇಲೆ, ಅಂಗಳದಲ್ಲಿ ಬಟ್ಟೆ ಒಣಗಿಸುವ ಕೆಲಸಕ್ಕೆ ನಿಂತಿದ್ದವು. ಅವನ್ನು ನಾವು ಏರಿದೆವು. ಕಲಿತದ್ದು ನಸುಕಿನಲ್ಲಿ, ಫ್ಯಾಕ್ಟರಿಗಳ ಕಡೆಯ ರಸ್ತೆಯಲ್ಲಿ, ಏಕೆಂದರೆ ಅಲ್ಲಿ ಮೂಗು ಮುಚ್ಚಿಕೊಂಡು ಹೋಗುವವರು ಯಾರೂ ತಲೆಯೆತ್ತಿ ನೋಡುವುದಿಲ್ಲ. ನಾನು ತೊಗರಿ ಹೊಲಕ್ಕೆ ಬಿದ್ದೆ, ಹುಮೇರಾ ನನ್ನ ಮೇಲೆ ಬಿದ್ದರು. ತುಳಜಾಬಾಯಿ ಬೀಳಲೇ ಇಲ್ಲ, ಆದರೆ ನಿಲ್ಲಿಸಲು ಬಾರದೆ ಹೆದ್ದಾರಿಯವರೆಗೆ ಹೋಗಿ ಬಂದರು.

2. ಹೀಗಿರುವಾಗ ಬಸವಕಲ್ಯಾಣಕ್ಕೆ ಸೈಕಲ್ ಮೇಲೆ ಹೋಗಿ, ಒಂದು ರಾತ್ರಿ ತಮ್ಮಲ್ಲಿ ಮಲಗಿ, ಮರುದಿನ ಕೋಟೆ ನೋಡಿ ಬರುವುದೆಂದು ತೀರ್ಮಾನವಾಯಿತು. ನನ್ನ ಯಜಮಾನರಾದ ಸತೀಶಕುಮಾರರು ಕೆಟ್ಟವರಲ್ಲ. ಆದರೆ ಕೇಳಿದರು:

"ಹೋಗಿ ಸಂಜಿಗಿ ತಿರುಗಿ ಬರಾಕ ಬರ್ತದಲ್ಲ. ಅಲ್ಲಿ ಮಲಗೂದು ಏನದ?"

"ಮಲಗೂದೇ ಅದ" ಎಂದೆ.

ಅವರಿಗೆ ತಿಳಿಯಲಿಲ್ಲ. ತಮಗಾದರೂ ತಿಳಿಯಲೆಂದು ಬಿಡಿಸಿ ಹೇಳುತ್ತೇನೆ. ಮದುವೆಯಾದಂದಿನಿಂದ ನಾವು ಮೂವರೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದಿದ್ದೇವೆ. ತವರಿಗೆ ಹೋದರೂ ಅಷ್ಟೇ, ಆಸ್ಪತ್ರೆಯಲ್ಲಿ ಬಾಣಂತಿಯ ಆರೈಕೆಗೆ ಕೂತರೂ ಅಷ್ಟೇ. ಯಾರಾದರೂ ಚಹಾ ತಂದುಕೊಟ್ಟು ಎಬ್ಬಿಸುವ ಒಂದು ಮುಂಜಾನೆ ಬೇಕಾಗಿತ್ತು. ಸದರಿ ಮುಂಜಾನೆಗೆ ಮುಂಚೆ ಒಂದು ರಾತ್ರಿ ಮಲಗುವುದು ಅನಿವಾರ್ಯವಾಗಿರುತ್ತದೆ.

3. ತಮ್ಮ ಜಾಲತಾಣದಲ್ಲಿ ಹುಟ್ಟಿದ ಇಸವಿಯ ಪಟ್ಟಿ 1990ರಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಯಾರೂ ಹುಟ್ಟಿಲ್ಲವೆಂಬುದು ಅದರ ನಂಬಿಕೆ. ಕಾರಣ ಮೂವರೂ 1990ರಲ್ಲಿ ಹುಟ್ಟಿದೆವು. ಇದರಿಂದ ತುಳಜಾಬಾಯಿಯವರು ತಮ್ಮ ಸ್ವಂತ ಮದುವೆಗೆ ಐದು ವರ್ಷದ ಮಗುವಾಗಿ ಹಾಜರಾದಂತಾಯಿತು. ಸೈಕಲ್ಲಿನ ಮಾದರಿ ಎಂಬಲ್ಲಿ ರೋಡ್, ಮೌಂಟೇನ್, ಹೈಬ್ರಿಡ್ ಎಂದಿದೆ, 'ಸರಕಾರದ್ದು' ಎಂದಿಲ್ಲ. ಪ್ರವಾಸದ ಉದ್ದೇಶ ಎಂಬಲ್ಲಿ ಅಧ್ಯಯನ, ತೀರ್ಥಯಾತ್ರೆ, ಸಾಹಸ ಇವೆ, ನಿದ್ದೆ ಇಲ್ಲ. ಸಾಹಸ ಎಂದು ಒತ್ತಿದೆ. ಮುಂದೆ ನಡೆದದ್ದನ್ನು ನೋಡಿದರೆ ಅದೇ ಸರಿಯಾಗಿತ್ತು.

4. ಯುವಜನರಾದ ಕಾರಣ ನಮಗೆ ಪಾಲಕರ ಒಪ್ಪಿಗೆ ಪತ್ರ ಬೇಕೆಂದು ಜಾಲತಾಣ ಹೇಳಿತು. ತುಳಜಾಬಾಯಿಯವರ ತಂದೆಯೂ ಇಲ್ಲ, ಯಜಮಾನರೂ ಇಲ್ಲ. ಆದ್ದರಿಂದ ಮಗನಾದ ಬಸವಣಪ್ಪನೇ ತಾಯಿಯ ಪಾಲಕನೆಂದು ಸಹಿ ಮಾಡಿದ. ಆ ಸಹಿ ಆತನ ತಲೆಗೇರಿದೆ. ಈಗ ತಾಯಿ ಗಿರಣಿಯಿಂದ ಸ್ವಲ್ಪ ತಡವಾಗಿ ಬಂದರೂ ಬಾಗಿಲಲ್ಲಿ ನಿಂತು, "ಎಲ್ಲಿಗಿ ಹೋಗಿದ್ದಿ, ಯಾರ ಜೋಡಿ ಇದ್ದಿ?" ಎಂದು ವಿಚಾರಿಸುತ್ತಾನೆ. ಈ ಬಗ್ಗೆ ಮಂಡಳಿಯೇ ಅವನಿಗೊಂದು ಮಾತು ಹೇಳಬೇಕು.

5. ಕೊನೆಗೆ ಬುಕಿಂಗ್ ಖಾತ್ರಿಯಾಯಿತು. ಹಾಸಿಗೆ ಸಂಖ್ಯೆ ಏಳು ವಿದ್ಯಾವತಿ, ಎಂಟು ತುಳಜಾಬಾಯಿ, ಒಂಬತ್ತು ಹುಮೇರಾ. ಪ್ರಿಂಟ್ ತೆಗೆದುಕೊಟ್ಟೆ. ತುಳಜಾಬಾಯಿಯವರು ಅದನ್ನು ಹಿಟ್ಟಿನ ಕೈ ಒರೆಸಿಕೊಂಡು ಹಿಡಿದು ನೋಡಿ, "ಇದು ನಂದೇ ಏನ್ರಿ ಅಕ್ಕಾ? ನಂದೊಬ್ಬಾಕಿದು?" ಎಂದು ಕೇಳಿದರು. ಹೌದೆಂದೆ. ಲ್ಯಾಮಿನೇಶನ್ ಮಾಡಿಕೊಡಲು ಹೇಳಿದರು. ಚಿಕ್ಕಂದಿನಲ್ಲಿ ಅಕ್ಕತಂಗಿಯರ ನಡುವೆ, ಆಮೇಲೆ ಮಕ್ಕಳ ನಡುವೆ ಮಲಗಿದವರಿಗೆ ತಮ್ಮ ಹೆಸರಿನ ಹಾಸಿಗೆ ಇದೇ ಮೊದಲನೆಯದು. ನನಗೂ ಹೌದು, ಆದರೆ ನಾನು ಲ್ಯಾಮಿನೇಶನ್ ಮಾಡಿಸಿಕೊಳ್ಳಲಿಲ್ಲ, ಅಂಗಡಿ ನನ್ನದೇ ಆದ್ದರಿಂದ ನಾಚಿಕೆಯಾಯಿತು.

6. ನಿಗದಿತ ದಿನ ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ರಾಜೇಶ್ವರದಲ್ಲಿ ಸೋಡಾ ಕುಡಿದೆವು. ಬಂಗ್ಲಾ ಕ್ರಾಸಿನ ಹತ್ತಿರ ಹೆದ್ದಾರಿ ಬಿಟ್ಟು ಊರ ದಾರಿ ಹಿಡಿದಾಗ ಹುಮೇರಾ ಹಾಡತೊಡಗಿದರು. ತಮ್ಮ ವಸತಿಗೃಹ ಕಂಡಾಗ ಅದಕ್ಕೆ ಬಾಳೆಗಿಡ, ದೀಪದ ಸರ, ಶಾಮಿಯಾನ ಎಲ್ಲ ಇದ್ದವು. ನಮ್ಮನ್ನು ಇಷ್ಟು ಚೆನ್ನಾಗಿ ಸ್ವಾಗತಿಸುತ್ತಾರೆಂದು ತುಳಜಾಬಾಯಿ ನಂಬಿದ್ದು ಗೇಟಿನವರೆಗೆ. ಅಲ್ಲಿ ಮಡೆಪ್ಪನವರು ನಿಂತಿದ್ದರು.

"ಜಾಗಾ ಇಲ್ರಿ ಬಾಯಿ. ಲಗ್ನ ಅದ."

ನಾನು ಬುಕಿಂಗ್ ತೋರಿಸಿದೆ.

"ಅದು ಆನ್‌ಲೈನ್ ಅದರಿ. ಆನ್‌ಲೈನ್ ಮಂದಿ ಬ್ಯಾಡ ಅಂದ್ರ ತಿರುಗಿ ಹೋಗ್ತಾರ. ಲಗ್ನದ ಮಂದಿ ಹೋಗ್ತಾರೇನ್ರಿ?"

"ಹಾಸಿಗಿ ನಮ್ಮ ಹೆಸರಿಗಿ ಅದಾವಲ್ರಿ?"

"ಹೆಸರು ನಿಮ್ದೇ ಅದರಿ, ಯಾರು ಇಲ್ಲ ಅಂತಾರ. ಹಾಸಿಗಿ ಅಷ್ಟ ಅವರದಾವ."

ಕತ್ತಲಾಗುತ್ತ ಬಂದಿತ್ತು. ಸರಕಾರದ ಸೈಕಲ್ಲಿಗೆ ದೀಪವಿಲ್ಲ. ಮಡೆಪ್ಪನವರ ಮನಸ್ಸು ಕರಗಿರಬೇಕು. ದನಿ ತಗ್ಗಿಸಿ, "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಲಗ್ನದವರೇ ಅಂತ ಒಳಗ ಹೋಗಿಬಿಡ್ರಿ. ಲಗ್ನದಾಗ ಯಾರು ಆಧಾರ್ ಕಾರ್ಡ್ ಕೇಳ್ತಾರ?" ಎಂದರು. ಇದು ನಿಜ. ಇದೇ ಹಾಸ್ಟೆಲ್ಲಿನಲ್ಲಿ ನಾನು ಎಷ್ಟೋ ಮದುವೆಗಳಿಗೆ ಬಂದು ನೆಲದ ಮೇಲೆ ಸಾಲಾಗಿ ಮಲಗಿ ಹೋಗಿದ್ದೇನೆ. ಆಗ ಯಾರೂ ನನ್ನ ವಯಸ್ಸು ಕೇಳಿರಲಿಲ್ಲ.

7. ಈ ಅರ್ಜಿಯ ಮುಖ್ಯ ಅಂಶ ಇಲ್ಲಿದೆ, ದಯವಿಟ್ಟು ನಿಧಾನವಾಗಿ ಓದಬೇಕು. ಶಾಮಿಯಾನದ ಬಾಗಿಲಲ್ಲಿ ಹುಡುಗಿಯ ಸೋದರತ್ತೆ ಲಲಿತಾಬಾಯಿ ಎಂಬವರು ಪನ್ನೀರುದಾನಿ ಹಿಡಿದು ನಿಂತಿದ್ದರು. ಅದನ್ನು ಎತ್ತಿ, ಚಿಮುಕಿಸುವ ಮೊದಲು ನಗುತ್ತ ಕೇಳಿದರು:

"ಯಾರ ಕಡಿಯವ್ರಿ?"

ನಾನು ಬಾಯಿ ತೆರೆಯುವುದರೊಳಗೆ ತುಳಜಾಬಾಯಿ, "ಹೆಣ್ಣಿನ ಕಡಿಯವ್ರಿ" ಅಂದುಬಿಟ್ಟರು.

ಪನ್ನೀರುದಾನಿ ಕೆಳಗಿಳಿಯಿತು. "ದೇವರು ಕಳಿಸಿದಂಗ ಬಂದ್ರಿ. ಅಡಗಿಯವರು ಇಬ್ಬರು ಕೈ ಕೊಟ್ಟು ಹೋಗ್ಯಾರ. ಬರ್ರಿ, ಬರ್ರಿ."

ಹುಮೇರಾ ತಡೆದು ನೋಡಿದರು: "ಸೈಕಲ್ ಮ್ಯಾಲ ಬಂದೇವ್ರಿ ಬಾಯಿ. ಕಾಲು ಬಿದ್ದು ಹೋಗಾಕತ್ತಾವ."

"ಕಾಲು ನೋಯ್ದ್ರ ಏನಾತವ್ವ? ಪೂರಿ ಕೈಲೆ ಅಲ್ಲೇನು ಲಟ್ಟಸೂದು?"

ಕೈ ತೊಳೆದು ಕೂತೆವು. ಗಂಡಿನ ಕಡೆಯವರೆಂದಿದ್ದರೆ ಗಾದಿ, ಪನ್ನೀರು, ಶರಬತ್ತು. ಹೆಣ್ಣಿನ ಕಡೆಯವರೆಂದದ್ದಕ್ಕೆ ಲಟ್ಟಣಿಗೆ. ಒಲೆ ಬಿಟ್ಟು ಇಷ್ಟು ದೂರ ಪೆಡಲ್ ತುಳಿದು ಬಂದದ್ದು ಅದಕ್ಕಿಂತ ದೊಡ್ಡ ಒಲೆಯ ಮುಂದೆ ಕೂರಲು ಎಂಬಂತಾಯಿತು. ತುಳಜಾಬಾಯಿಯನ್ನು ಬೈದೆ. ಅವರು ಹಿಟ್ಟು ನಾದುತ್ತಲೇ ಹೇಳಿದರು: "ಸುಳ್ಳ ಹೇಳೂದೇ ಆದ್ರ ಸಣ್ಣದು ಹೇಳಬೇಕಲ್ರಿ ಅಕ್ಕಾ. ಗಂಡಿನ ಕಡಿ ಅನ್ನಾಕ ನಾಲಿಗಿ ಹೊಳ್ಳಲಿಲ್ಲ." ನಡುವೆ ಯಜಮಾನರ ಫೋನ್ ಬಂತು. ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಕೇಳಿದರು. ಹೇಳಿದೆ. "ಆರಾಮ ಅದೀ ಇಲ್ಲ?" ಎಂದರು. ಭುಜದಿಂದ ಕಿವಿಗೆ ಫೋನ್ ಒತ್ತಿಕೊಂಡು, ಪೂರಿ ಲಟ್ಟಿಸುತ್ತ, ಆರಾಮ ಇದ್ದೇನೆ ಎಂದೆ.

8. ಅದೇ ಹೊತ್ತಿಗೆ ಪುಣೆ ಕಡೆಯ ಒಬ್ಬ ಸೈಕಲ್ ಸವಾರ ಬಂದ. ಗೇರಿನ ಸೈಕಲ್ಲು, ಬಿಗಿ ಚಡ್ಡಿ, ಹೆಲ್ಮೆಟ್. ಆತನಿಗೆ ಬುಕಿಂಗೂ ಇರಲಿಲ್ಲ, ಮದುವೆಯ ಗೊಡವೆಯೂ ಇರಲಿಲ್ಲ. ಆದರೆ ವರನ ಕಡೆಯವರು ಸೋಲಾಪುರದವರು, ಈತ ಮಾತಾಡಿದ್ದು ಮರಾಠಿ. ಆದ್ದರಿಂದ ಲಲಿತಾಬಾಯಿ ಏನೂ ಕೇಳದೆ ಪನ್ನೀರು ಚಿಮುಕಿಸಿ, ಟೋಪಿ ಟಾವೆಲ್ ಉಡುಗೊರೆ ಕೊಟ್ಟು ಆಹೇರ ಮಾಡಿ, ಒಳಗೆ ಕರೆದೊಯ್ದರು. ಊಟದ ಪಾತ್ರೆ ತೊಳೆದು ನಾವು ಉಗ್ರಾಣದ ಹಿಟ್ಟಿನ ಚೀಲಗಳ ಮೇಲೆ ಮಲಗಲು ಹೋಗುವಾಗ ಕೋಣೆಯೊಳಗೆ ಇಣುಕಿದೆವು. ಏಳರ ಮೇಲೆ ಆತನ ಚೀಲ, ಎಂಟರ ಮೇಲೆ ಆತ, ಒಂಬತ್ತರ ಮೇಲೆ ಹೆಲ್ಮೆಟ್.

ತುಳಜಾಬಾಯಿ ಸೆರಗಿನೊಳಗಿಂದ ಲ್ಯಾಮಿನೇಶನ್ ತೆಗೆದು ಹಾಸಿಗೆಯ ನಂಬರಿಗೆ ಹಿಡಿದು ತಾಳೆ ನೋಡಿದರು. ಸರಿಯಾಗಿಯೇ ಇತ್ತು. ಈಗ ಎಬ್ಬಿಸುತ್ತಾರೆ ಎಂದುಕೊಂಡೆ. ಅವರು ಬಗ್ಗಿ, ಕಾಲ ಬಳಿ ಬಿದ್ದಿದ್ದ ಚಾದರವನ್ನು ಆತನಿಗೆ ಹೊದಿಸಿ ಬಂದರು. ನನಗೆ ಬಂದ ಸಿಟ್ಟನ್ನು ಈ ಅರ್ಜಿಯಲ್ಲಿ ಬರೆಯಲು ನಿಯಮಗಳಲ್ಲಿ ಅವಕಾಶವಿಲ್ಲ. ಆತನ ಮೇಲಲ್ಲ, ತುಳಜಾಬಾಯಿಯ ಮೇಲೂ ಅಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಅದಕ್ಕೇ ಸಿಟ್ಟು. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದವರು ನಾವೇ. ಚಹಾ ಮಾಡಿದೆವು. ಆತನಿಗೂ ಕೊಟ್ಟೆವು. ಕೋಟೆ ನೋಡಲು ಯಾರಿಗೂ ತ್ರಾಣವಿರಲಿಲ್ಲ.

9. ಇಷ್ಟರ ಮೇಲೆ ಆತ ತಮ್ಮ ಜಾಲತಾಣದಲ್ಲಿ ಐದು ಚುಕ್ಕಿ ಕೊಟ್ಟು ಬರೆದಿದ್ದಾನೆ: 'ಸೈಕಲ್ ಸವಾರರನ್ನು ಇಷ್ಟು ಗೌರವಿಸುವ ಹಾಸ್ಟೆಲ್ ಬೇರೆಲ್ಲೂ ಇಲ್ಲ. ಬಂದವರಿಗೆಲ್ಲ ಪನ್ನೀರು, ಟೋಪಿ, ಟಾವೆಲ್. ರಾತ್ರಿ ಯಾರೋ ತಾಯಿಯಂತೆ ಹೊದಿಕೆ ಹೊದಿಸಿದರು. ಬೆಳಗಿನ ಚಹಾವನ್ನು ಮರೆಯಲಾರೆ.' ಇದನ್ನು ಓದಿದ ತಾವು ವಿಚಾರಣೆ ನಡೆಸಿ, ಚಹಾವೂ ಲಗ್ನದ ಪೂರಿಗಳೂ ನಮ್ಮವೆಂದು ಪತ್ತೆಹಚ್ಚಿ, ಉಲ್ಲೇಖ 3ರ ಪತ್ರ ಬರೆದಿದ್ದೀರಿ. ಅದರಲ್ಲಿ ನಮಗೆ ವಸತಿಗೃಹದ ಅಡುಗೆಯವರ ಹುದ್ದೆ ಕೊಡುವುದಾಗಿಯೂ, ಅಡುಗೆಮನೆಯ ಪಕ್ಕದಲ್ಲಿ ಮಲಗಲು ಉಚಿತ ವ್ಯವಸ್ಥೆ ಇರುವುದಾಗಿಯೂ ತಿಳಿಸಿದ್ದೀರಿ.

ಪತ್ರವನ್ನು ಗಿರಣಿಯಲ್ಲಿ ಕೂತು ಓದಿದೆವು. ಹುಮೇರಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತುಳಜಾಬಾಯಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ಹಾಸಿಗಿ ನಂಬರ ಬರದಿಲ್ಲಲ್ರಿ ಅಕ್ಕಾ" ಎಂದರು. ಆಮೇಲೆ ಹುಮೇರಾ ನಗಲಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಮತ್ತು ಸದರಿ ಕಾರಣಗಳ ಕಾರಣದಿಂದಾಗಿಯೂ, ಕೋರುವುದೇನೆಂದರೆ:

ಅ) ಹುದ್ದೆ ನಮಗೆ ಬೇಡ. ಆ ಹುದ್ದೆ ಮೂವರಿಗೂ ಈಗಾಗಲೇ ಮನೆಯಲ್ಲಿದೆ.

ಆ) ಲಗ್ನವಿಲ್ಲದ ಒಂದು ದಿನ ನೋಡಿ, ಏಳು, ಎಂಟು, ಒಂಬತ್ತನೇ ಹಾಸಿಗೆಗಳನ್ನು ನಮಗೇ ಕೊಡುವುದು. ಮೂರೂ ಆಗದಿದ್ದರೆ ಎಂಟನೆಯದನ್ನಾದರೂ ಕೊಡುವುದು. ನಾವಿಬ್ಬರು ಸೈಕಲ್ ಕಾಯುತ್ತೇವೆ.

ಇ) ಸದರಿ ದಿನ ಗೇಟಿನಲ್ಲಿ ಯಾರ ಕಡೆಯವರೆಂದು ನಮ್ಮನ್ನು ಕೇಳಬಾರದು, ತುಳಜಾಬಾಯಿ ಮತ್ತೆ ಹೆಣ್ಣಿನ ಕಡೆಯವರೆಂದು ನಿಜ ಹೇಳಿಬಿಡುವ ಸಂಭವವಿದೆ. ಅರ್ಜಿದಾರರಾದ ನಮ್ಮನ್ನು ಆ ಒಂದು ರಾತ್ರಿಯ ಮಟ್ಟಿಗೆ ಗಂಡಿನ ಕಡೆಯವರೆಂದು ಪರಿಗಣಿಸಿ ಆದೇಶ ಹೊರಡಿಸಬೇಕು. ಮದುಮಗ ಇಲ್ಲದಿದ್ದರೂ ನಡೆಯುತ್ತದೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಉಳಿಸಿಕೊಂಡಿರುವ,

(ಸಹಿ) ವಿದ್ಯಾವತಿ
(ಸಹಿ) ಹುಮೇರಾ
(ಸಹಿ) ತುಳಜಾಬಾಯಿ. ಪಾಲಕರ ಸಹಿ ಈ ಸಲ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ.

ಲಗತ್ತುಗಳು:
1. ಬುಕಿಂಗ್ ಪ್ರತಿ, ಜೆರಾಕ್ಸ್. ಲ್ಯಾಮಿನೇಶನ್ ಮಾಡಿದ ಮೂಲಪ್ರತಿಯನ್ನು ತುಳಜಾಬಾಯಿ ಕೊಡಲು ಒಪ್ಪಲಿಲ್ಲ. ಅದು ಗಿರಣಿಯಲ್ಲಿ ದೇವರ ಫೋಟೋದ ಪಕ್ಕದಲ್ಲಿದೆ, ತಾವು ಬಂದು ಪರಿಶೀಲಿಸಬಹುದು.
2. ಪುಣೆಯ ಸವಾರನ ಮೆಚ್ಚುಗೆಯ ಪ್ರಿಂಟ್. 'ಯಾರೋ' ಎಂಬ ಪದದ ಕೆಳಗೆ ಗೆರೆ ಎಳೆದಿದೆ.
3. ನಮ್ಮ ಮೂವರ ಭಾವಚಿತ್ರ, ಸೈಕಲ್ ಸಮೇತ.

ವಿಶೇಷ ಸೂಚನೆ: ಮರುದಿನ ಮುಂಜಾನೆಯ ಚಹಾವನ್ನು ಮಡೆಪ್ಪನವರು ಮಾಡಿದರೂ ಸರಿ, ತಾವೇ ಮಾಡಿದರೂ ಸರಿ. ಸಕ್ಕರೆ ಹೆಚ್ಚಾದರೂ, ಹಾಲು ಒಡೆದರೂ ದೂರು ಕೊಡುವುದಿಲ್ಲ. ಎಬ್ಬಿಸಿ ಕೊಟ್ಟರೆ ಸಾಕು.